ನಾನು ಕ್ಯಾಟ್ನಿಸ್ ಅಲ್ಲ

ಲೈಬ್ರರಿ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಎದುರು ಇರುವ ಪುಸ್ತಕಗಳನ್ನು ಯಾರಾದರೂ ನೋಡಿದರೆ ನನ್ನಷ್ಟು ಶ್ರದ್ಧೆಯ ಹುಡುಗಿ ಈ ಕಾಲೇಜಿನಲ್ಲೇ ಇಲ್ಲ ಅಂದುಕೊಂಡಾರು. ಫಿಸಿಕ್ಸ್ ಗೈಡು, ಬಯಾಲಜಿ ಪ್ರಶ್ನೆಕೋಶ, ಇನ್ನೊಂದು ಫಿಸಿಕ್ಸ್ ಗೈಡು. ಅವನ್ನೆಲ್ಲ ನಾನು ಮನೆಗೆ ಒಯ್ದದ್ದು ನಿಜ. ಆದರೆ ಕಳೆದ ವರ್ಷವಿಡೀ ರಾತ್ರಿ ಹೊತ್ತು ಓದಿದ್ದು ಬೇರೆ. ಲೈಬ್ರರಿ ಮೇಡಂ ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಖಾಲಾ ಮಗ ಹೋದ ರಂಜಾನ್ ಹಬ್ಬಕ್ಕೆ ಬರುವಾಗ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಯಿಂದ ಒಂದು ಚೀಲ ಇಂಗ್ಲಿಷ್ ಕಾದಂಬರಿ ತಂದಿದ್ದ. "ಇಂಗ್ಲಿಷ್ ಸುಧಾರಿಸುತ್ತೆ ಖಾಲೂ" ಅಂತ ಹೇಳಿ ಅಬ್ಬಾನ ಬಾಯಿ ಮುಚ್ಚಿಸಿದ. ಕಪ್ಪು ಮುಖಪುಟದ ಮೇಲೆ ಕೆಂಪು ಸೇಬು ಹಿಡಿದ ಎರಡು ಬಿಳಿ ಕೈಗಳದ್ದು ಒಂದು. ಬಂಗಾರ ಬಣ್ಣದ ಹಕ್ಕಿಯದ್ದು ಇನ್ನೊಂದು. ಬೆಂಕಿಯ ಉಂಗುರದ್ದು ಮತ್ತೊಂದು. ಹೆಚ್ಚಿನವುಗಳಲ್ಲಿ ನಮ್ಮ ವಯಸ್ಸಿನವರೇ ನಾಯಕಿಯರು. ಕೆಲವು ಡಿಸ್ಟೋಪಿಯನ್, ಅಂದರೆ ಸರ್ಕಾರ, ಸಮಾಜ ಎಲ್ಲ ಕೆಟ್ಟುಹೋದ ನಾಳೆಯ ಕಥೆಗಳು. ಉಳಿದವು ಪ್ಯಾರಾನಾರ್ಮಲ್, ಅಂದರೆ ರಕ್ತ ಕುಡಿಯುವವರು, ತೋಳವಾಗುವವರು, ಅವರನ್ನು ಪ್ರೀತಿಸುವವರು.

ನಮ್ಮ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಲೈಟು ಉರಿಯುವುದು ಒಂದೇ ಕೋಣೆಯಲ್ಲಿ. ಅಲ್ಲಿ ಆಪಾಳ ಹೊಲಿಗೆ ಮಶೀನು ಇದೆ, ನನ್ನ ಪುಸ್ತಕಗಳಿವೆ, ಮೂಲೆಯ ಮಂಚದ ಮೇಲೆ ನಾನಿ ಮಲಗುತ್ತಾರೆ. ಆಪಾ ನನಗಿಂತ ಎರಡು ವರ್ಷ ದೊಡ್ಡವಳು. ಅವಳು ಓದಿದ್ದು ಕನ್ನಡ ಮೀಡಿಯಂ, ಇಂಗ್ಲಿಷ್ ಕಾದಂಬರಿ ಓದುವಷ್ಟು ಪುರುಸೊತ್ತೂ ಅವಳಿಗಿಲ್ಲ. ಹಾಗಾಗಿ ನಾನು ಓದಿದ್ದನ್ನು ನಮ್ಮ ಮನೆಯ ದಖ್ಖನಿಯಲ್ಲಿ ಅವಳಿಗೆ ಹೇಳುತ್ತಾ ಹೋದೆ. ಅವಳು ಹೊಲಿಯುತ್ತಾ ಕೇಳುತ್ತಾಳೆ. ಕಥೆ ಚೆನ್ನಾಗಿದೆಯೋ ಇಲ್ಲವೋ ಅಂತ ಮಶೀನಿನ ಸದ್ದಿನಿಂದಲೇ ತಿಳಿಯುತ್ತದೆ. ಗಟ್ಟಿ ಜಾಗ ಬಂದಾಗ ಪೆಡಲ್ ನಿಧಾನವಾಗುತ್ತದೆ. ಬೇಸರವಾದರೆ ಸೀರೆಯ ಫಾಲ್‌ಗೆ ಕೈ ಹಾಕುತ್ತಾಳೆ, ಅದಕ್ಕೆ ತಲೆ ಬೇಡವಂತೆ.

ಮೊದಲು ಹೇಳಿದ್ದು 'ಡೈವರ್ಜೆಂಟ್'. ವೆರೊನಿಕಾ ರಾತ್ ಅದನ್ನು ಬರೆದದ್ದು ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದಾಗ, ಪುಸ್ತಕ ಬಂದದ್ದು 2011ರಲ್ಲಿ. ನಾಳಿನ ಶಿಕಾಗೋ ನಗರದಲ್ಲಿ ಜನರನ್ನೆಲ್ಲ ಐದು ಪಂಗಡ ಮಾಡಿರುತ್ತಾರೆ. ತ್ಯಾಗದವರು, ಧೈರ್ಯದವರು, ಜ್ಞಾನದವರು, ಸತ್ಯದವರು, ಸ್ನೇಹದವರು. ಹದಿನಾರು ವರ್ಷಕ್ಕೆ ಒಂದು ಪರೀಕ್ಷೆ, ಆಮೇಲೆ ಎಲ್ಲರ ಎದುರು ಒಂದು ಪಂಗಡ ಆರಿಸಿಕೊಳ್ಳಬೇಕು. ಬೇರೆ ಪಂಗಡ ಆರಿಸಿಕೊಂಡರೆ ಅಪ್ಪ ಅಮ್ಮನ ಮನೆಗೂ ವಾಪಸು ಹೋಗುವಂತಿಲ್ಲ. ಕಾದಂಬರಿಯಾಗಿ ಇದು ನನಗೆ ಅಷ್ಟು ಹಿಡಿಸಲಿಲ್ಲ. ಒಬ್ಬ ಮನುಷ್ಯನಲ್ಲಿ ಒಂದೇ ಗುಣ ಇಟ್ಟುಕೊಂಡು ಒಂದು ಊರು ಹೇಗೆ ನಡೆದೀತು? ಧೈರ್ಯ ಅಂದರೆ ಓಡುವ ರೈಲಿನಿಂದ ಹಾರುವುದು ಅಂತ ಯಾರು ಹೇಳಿದರು? ಆದರೆ ಆಪಾ ನಕ್ಕಳು. "ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮ ಮನೆಗೆ ಬಂದವರೆಲ್ಲ ಇದನ್ನೇ ಅಲ್ವಾ ಮಾಡಿದ್ದು? ಬುದ್ಧಿ ಇದ್ದರೆ ಸೈನ್ಸ್, ಲೆಕ್ಕ ಗೊತ್ತಿದ್ದರೆ ಕಾಮರ್ಸ್, ಮಿಕ್ಕಿದ್ದು ಆರ್ಟ್ಸ್. ಅವರಿಗೆ ಐದಾದರೂ ಇದೆ, ನಮಗೆ ಮೂರೇ."

ಯಾವ ಪಂಗಡಕ್ಕೂ ಸೇರದವರು ಆ ಕಥೆಯಲ್ಲಿ ಬಸ್ಸು ಓಡಿಸುತ್ತಾರೆ, ಕಸ ಎತ್ತುತ್ತಾರೆ, ಊಟಕ್ಕೂ ಬಟ್ಟೆಗೂ ಪರದಾಡುತ್ತಾರೆ. ಇಡೀ ಊರು ನಡೆಯುವುದು ಅವರಿಂದಲೇ. ಆದರೆ ಮೊದಲ ಪುಸ್ತಕ ಅವರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ಮುಂದೆ ಹೋಗುತ್ತದೆ. ನಾಯಕಿ ಟ್ರಿಸ್ ಮಾತ್ರ ವಿಶೇಷ, ಅವಳಿಗೆ ಒಂದಕ್ಕಿಂತ ಹೆಚ್ಚು ಗುಣ. ಅಬ್ಬಾ ಎಪಿಎಂಸಿಯಿಂದ ಗೂಡ್ಸ್ ಆಟೋದಲ್ಲಿ ಈರುಳ್ಳಿ ಹೊಡೆಯುತ್ತಾರೆ. ಅವರು ಯಾವ ಪಂಗಡ ಅಂತ ನಾನಿ ಕೇಳಿದರು. ನಾನು ಪುಟ ತಿರುಗಿಸಿದೆ.

ಆಮೇಲೆ 'ಟ್ವೈಲೈಟ್'. ಇದನ್ನು ಹೇಳುವುದು ಕಷ್ಟವಾಯಿತು. ಮೂಲೆಯಲ್ಲಿ ನಾನಿ ನಿದ್ದೆ ಬಂದವರ ಹಾಗೆ ಮಲಗಿ ಎಲ್ಲ ಕೇಳುತ್ತಿರುತ್ತಾರೆ, ಕೆಲವು ಜಾಗ ನಾನು ಹಾರಿಸಿಕೊಂಡು ಹೋಗಬೇಕು, ಹಾರಿಸಿದ್ದು ಆಪಾಗೆ ಗೊತ್ತಾಗಿಬಿಡುತ್ತದೆ. ಸ್ಟೆಫನಿ ಮೇಯರ್ ಬರೆದ, 2005ರಲ್ಲಿ ಬಂದ ಈ ಕಥೆಯ ಎಡ್ವರ್ಡ್ 1918ರ ಸ್ಪ್ಯಾನಿಷ್ ಫ್ಲೂನಲ್ಲಿ ಸಾಯುತ್ತಿದ್ದಾಗ ವ್ಯಾಂಪೈರ್ ಆದವನು. ಅಂದಿನಿಂದ ಹದಿನೇಳೇ ವರ್ಷ ಅವನಿಗೆ. ಯಾವಾಗಲೂ ಮೋಡ ಕವಿದಿರುವ ಫೋರ್ಕ್ಸ್ ಎಂಬ ಊರಿನ ಹೈಸ್ಕೂಲಿನಲ್ಲಿ ಓದುತ್ತಿರುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ನಾನಿ ಎದ್ದು ಕೂತರು.

"ನೂರು ವರ್ಷದ ಮುದುಕ ಸ್ಕೂಲ್ ಹುಡುಗಿ ಹಿಂದೆ ಬಿದ್ದಿದ್ದಾನಾ? ಅವನಿಗೆ ಮನೆಯಲ್ಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಇದ್ದಾರೆ ನಾನಿ, ಅವರೂ ವ್ಯಾಂಪೈರ್‌ಗಳೇ ಅಂದೆ. ನಾನಿಗೆ ಕಾಣದ ಲೋಕದ ಬಗ್ಗೆ ಅನುಮಾನ ಏನಿಲ್ಲ. ಜಿನ್‌ಗಳು ಇದ್ದಾರೆ, ಅಲ್ಲಾಹ್ ಸೃಷ್ಟಿಸಿದ್ದಾನೆ, ಅದರಲ್ಲಿ ಕಥೆ ಕಟ್ಟುವಂಥದ್ದು ಏನಿದೆ ಅನ್ನುತ್ತಾರೆ. ಬಚ್ಚಲಿಗೆ ಬಿಸಿನೀರು ಚೆಲ್ಲುವಾಗ ಬಿಸ್ಮಿಲ್ಲಾ ಹೇಳಬೇಕು, ಅಲ್ಲಿ ಯಾರಾದರೂ ಇದ್ದರೆ ಸರಿದುಕೊಳ್ಳಲಿ ಅಂತ. ಮಗ್ರಿಬ್ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕು. ನಾನಿಯ ಪಾಲಿಗೆ ಅವರು ಪಕ್ಕದ ಮನೆಯವರ ಹಾಗೆ. ನಮ್ಮ ಪಾಡಿಗೆ ನಾವು, ಅವರ ಪಾಡಿಗೆ ಅವರು, ನಡುವೆ ಒಂದು ಮರ್ಯಾದೆ. ಪ್ಯಾರಾನಾರ್ಮಲ್ ಕಾದಂಬರಿಗಳಲ್ಲಿ ನನಗೆ ಕಡಿಮೆ ಅನ್ನಿಸಿದ್ದು ಈ ಮರ್ಯಾದೆಯೇ. ಅಲ್ಲಿ ಕಾಣದ ಲೋಕದಿಂದ ಬರುವವರೆಲ್ಲ ಒಂದೋ ಕಚ್ಚಲು ಬರುತ್ತಾರೆ, ಇಲ್ಲ ಮದುವೆಯಾಗಲು ಬರುತ್ತಾರೆ.

ನನಗೆ ಎಡ್ವರ್ಡ್ ಮೇಲೆ ಬೇರೆ ಸಿಟ್ಟೂ ಇದೆ. ಬೆಲ್ಲಾಗೆ ಗೊತ್ತಿಲ್ಲದ ಹಾಗೆ ರಾತ್ರಿ ಅವಳ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾ ಇರುತ್ತಾನೆ. ಗೊತ್ತಾದಾಗ ಅವಳಿಗೆ ನಾಚಿಕೆಯಾಗುತ್ತದೆಯೇ ಹೊರತು ಭಯವಾಗುವುದಿಲ್ಲ. ನಮ್ಮ ಓಣಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಬೆಳಗಾಗುವುದರೊಳಗೆ ಪೊಲೀಸರು ಬಂದಿರುತ್ತಿದ್ದರು. ಇನ್ನೊಂದು ವಿಷಯವನ್ನು ಈ ಪುಸ್ತಕ ಇಷ್ಟಪಡುವ ನನ್ನ ಗೆಳತಿಯರು ಯಾರೂ ಹೇಳುವುದಿಲ್ಲ. ಅದರಲ್ಲಿ ತೋಳಗಳಾಗುವ ಕ್ವಿಲಿಯೂಟ್ ಬುಡಕಟ್ಟು ಲೇಖಕಿಯ ಕಲ್ಪನೆಯಲ್ಲ. ವಾಷಿಂಗ್ಟನ್ ರಾಜ್ಯದ ಕಡಲ ತೀರದ ಲಾ ಪುಷ್‌ನಲ್ಲಿ ಇವತ್ತಿಗೂ ಬದುಕುತ್ತಿರುವ ಜನ ಅವರು. ಎಲ್ಲೋ ಕೂತ ಒಬ್ಬರು ನಮ್ಮ ಮೊಹಲ್ಲಾದ ಹೆಸರು ಹಾಕಿ, ಇಲ್ಲಿನ ಹುಡುಗರು ಸಿಟ್ಟು ಬಂದರೆ ಪ್ರಾಣಿಗಳಾಗುತ್ತಾರೆ ಅಂತ ಬರೆದು ಕೋಟಿಗಟ್ಟಲೆ ಪ್ರತಿ ಮಾರಿದರೆ ನಮಗೆ ಹೇಗನ್ನಿಸಬಹುದು?

ಇಷ್ಟೆಲ್ಲ ನಾನು ದೊಡ್ಡ ವಿಮರ್ಶಕಿಯ ಹಾಗೆ ಆಪಾಗೆ ಹೇಳಿದೆ. ಆದರೆ ಅವಳಿಗೆ 'ಟ್ವೈಲೈಟ್' ಇಷ್ಟವಾಗಿಬಿಟ್ಟಿತ್ತು. ನನಗೆ ನಾಚಿಕೆಯಾಯಿತು, ಛೀ ಅಂದೆ. ಆಪಾ ತಲೆ ಎತ್ತಲಿಲ್ಲ.

"ಅವನಿಗೆ ಎಲ್ಲರ ಮನಸ್ಸೂ ಓದಕ್ಕೆ ಬರುತ್ತೆ, ಇವಳದು ಒಂದೇ ಬರಲ್ಲ ಅಂತ ನೀನೇ ಹೇಳಿದೆಯಲ್ಲ?"

"ಹೂಂ."

"ಅದಕ್ಕೇ ಅವನು ಯಾವಾಗಲೂ ಕೇಳ್ತಾ ಇರ್ತಾನೆ, ಏನು ಯೋಚನೆ ಮಾಡ್ತಿದ್ದೀಯಾ ಅಂತ. ನನಗೆ ಅದು ಇಷ್ಟ ಆಯ್ತು."

ನಾನು ಆವತ್ತು ಅದಕ್ಕೂ ನಕ್ಕೆ.

ನಡುವೆ ಲೋಯಿಸ್ ಲೌರಿಯ 'ದಿ ಗಿವರ್' ಕೂಡ ಆಯಿತು. 1993ರ ಪುಸ್ತಕ, ಈ ಚೀಲದಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಬರೆದದ್ದು. ಆ ಊರಿನಲ್ಲಿ ನೋವಿಲ್ಲ, ಜಗಳವಿಲ್ಲ, ಹನ್ನೆರಡು ವರ್ಷಕ್ಕೆ ಹಿರಿಯರೇ ಕೆಲಸ ಹಂಚಿಬಿಡುತ್ತಾರೆ, ಮತ್ತು ಯಾರಿಗೂ ಬಣ್ಣ ಕಾಣುವುದಿಲ್ಲ. ಜೋನಾಸ್ ಎಂಬ ಹುಡುಗನಿಗೆ ಒಂದು ಸೇಬು ಗಾಳಿಯಲ್ಲಿ ಹಾರುವಾಗ ಕ್ಷಣಕಾಲ ಬದಲಾದ ಹಾಗೆ ಕಾಣುತ್ತದೆ. ಏನು ಬದಲಾಯಿತು ಅಂತ ಅವನಿಗೂ ತಿಳಿಯುವುದಿಲ್ಲ, ಓದುವ ನಮಗೂ ತಿಳಿಯುವುದಿಲ್ಲ. ಎಷ್ಟೋ ಪುಟಗಳ ನಂತರ ಗೊತ್ತಾಗುತ್ತದೆ, ಅದು ಕೆಂಪು. ಆಪಾ ಪೆಡಲ್ ನಿಲ್ಲಿಸಿ, "ಬಣ್ಣವೇ ಇಲ್ಲ ಅಂದ್ರೆ ನೂಲು ಹೇಗೆ ಮ್ಯಾಚ್ ಮಾಡ್ತಾರೆ?" ಅಂದಳು. ಅವಳಿಗೆ ನಿಜವಾಗಿಯೂ ಚಿಂತೆಯಾಗಿತ್ತು.

ಈ ಸರಣಿಗಳ ಒಂದು ಚಟ ಹೇಳಿಯೇ ಮುಂದೆ ಹೋಗುತ್ತೇನೆ. ಒಬ್ಬಳು ಹುಡುಗಿ, ಅವಳಿಗೆ ಇಬ್ಬರು ಹುಡುಗರು, ಮೂರು ಪುಸ್ತಕದಲ್ಲಿ ಒಂದು ಸರ್ಕಾರ ಉರುಳುತ್ತದೆ. ಸಿನಿಮಾದವರು ಕೊನೆಯ ಪುಸ್ತಕವನ್ನು ಎರಡು ಭಾಗ ಮಾಡಿ ಎರಡು ಸಲ ಟಿಕೆಟ್ ಮಾರುತ್ತಾರೆ. 'ಟ್ವೈಲೈಟ್'ನವರು ಮಾಡಿದರು, 'ಹಂಗರ್ ಗೇಮ್ಸ್'ನವರು ಮಾಡಿದರು. 'ಡೈವರ್ಜೆಂಟ್'ನವರೂ ಹಾಗೇ ಮಾಡಲು ಹೋಗಿ 2016ರಲ್ಲಿ ಮೊದಲರ್ಧ ಸೋತು, ಉಳಿದರ್ಧ ಬರಲೇ ಇಲ್ಲ. ಆ ಸರಣಿಯ ಸಿನಿಮಾ ಮಾತ್ರ ನೋಡಿದವರು ಇವತ್ತಿಗೂ ಕಥೆಯ ಮಧ್ಯದಲ್ಲೇ ಕೂತಿದ್ದಾರೆ.

'ದಿ ಹಂಗರ್ ಗೇಮ್ಸ್' ನಾನು ಕೊನೆಗೆ ಇಟ್ಟುಕೊಂಡಿದ್ದೆ. ಸುಝಾನ್ ಕಾಲಿನ್ಸ್ ಬರೆದದ್ದು, 2008ರಲ್ಲಿ ಬಂತು. ಒಂದು ರಾತ್ರಿ ಟಿವಿ ಚಾನೆಲ್ ಬದಲಾಯಿಸುತ್ತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧ ಬರುತ್ತಿತ್ತಂತೆ, ಎರಡೂ ಕಲೆಸಿಹೋದ ಹಾಗಾಗಿ ಈ ಕಥೆ ಹೊಳೆಯಿತಂತೆ. ಪ್ಯಾನೆಮ್ ಎಂಬ ದೇಶ, ಅದಕ್ಕೆ ಹನ್ನೆರಡು ಜಿಲ್ಲೆ. ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ 24 ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಬೇಕು, ಒಬ್ಬರು ಉಳಿಯಬೇಕು, ಇಡೀ ದೇಶ ಟಿವಿಯಲ್ಲಿ ನೋಡಬೇಕು.

ಎಲ್ಲರೂ ಮಾತಾಡುವುದು ಆ ಆಟದ ಬಗ್ಗೆ, ಬಿಲ್ಲು ಬಾಣದ ಬಗ್ಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚೀಟಿಯ ಲೆಕ್ಕ. ಹನ್ನೆರಡು ವರ್ಷಕ್ಕೆ ನಿನ್ನ ಹೆಸರಿನ ಒಂದು ಚೀಟಿ. ಹದಿಮೂರಕ್ಕೆ ಎರಡು. ಹದಿನೆಂಟಕ್ಕೆ ಏಳು. ಇದು ಎಲ್ಲರಿಗೂ ಸಮ. ಆದರೆ ಮನೆಯಲ್ಲಿ ಊಟಕ್ಕಿಲ್ಲದಿದ್ದರೆ ಇನ್ನೊಂದು ಚೀಟಿ ಹಾಕಿ ಒಬ್ಬರಿಗೆ ಒಂದು ವರ್ಷಕ್ಕಾಗುವ ಒಂದಿಷ್ಟು ಧಾನ್ಯ, ಎಣ್ಣೆ ಪಡೆಯಬಹುದು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಚೀಟಿ. ಅವೆಲ್ಲ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ. ಹಾಗಾಗಿ ಹದಿನಾರರ ಕ್ಯಾಟ್ನಿಸ್ ಹೆಸರಿನಲ್ಲಿ 20 ಚೀಟಿ, ಅವಳ ಗೆಳೆಯ ಗೇಲ್ ಹೆಸರಿನಲ್ಲಿ 42. ನಮ್ಮ ಮ್ಯಾಥ್ಸ್ ಸರ್ ಪ್ರಾಬಬಿಲಿಟಿ ಕಲಿಸುವಾಗ ಚೀಲದಲ್ಲಿ ಕೆಂಪು ಚೆಂಡು, ನೀಲಿ ಚೆಂಡು ಅನ್ನುತ್ತಾರೆ. ಈ ಉದಾಹರಣೆ ಕೊಟ್ಟಿದ್ದರೆ ಹಿಂದಿನ ಬೆಂಚಿನವರಿಗೂ ಅರ್ಥವಾಗುತ್ತಿತ್ತು.

ಆಪಾಗಂತೂ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ರೇಷನ್ ಚೀಟಿ" ಅಂದಳು.

ಮುಂದೆ ಓದಿದೆ. ಕ್ಯಾಟ್ನಿಸ್‌ಗೆ ಹನ್ನೆರಡು ವರ್ಷದ ತಂಗಿ, ಪ್ರಿಮ್. ಅವಳ ಹೆಸರಿನಲ್ಲಿ ಇರುವುದು ಒಂದೇ ಚೀಟಿ. ಏಕೆಂದರೆ ಧಾನ್ಯಕ್ಕಾಗಿ ಚೀಟಿ ಹಾಕಲು ಅಕ್ಕ ಅವಳಿಗೆ ಬಿಟ್ಟಿಲ್ಲ, ಎಲ್ಲವನ್ನೂ ತನ್ನ ಹೆಸರಿನಲ್ಲೇ ಹಾಕಿಕೊಂಡಿದ್ದಾಳೆ. ಇದನ್ನು ದಖ್ಖನಿಗೆ ತಿರುಗಿಸಿ ಹೇಳುತ್ತಿದ್ದ ಹಾಗೇ ನನ್ನ ಬಾಯಿ ಕಟ್ಟಿತು. ಮಶೀನೂ ನಿಂತಿತ್ತು. "ಆಮೇಲೆ?" ಅಂದಳು ಆಪಾ, ಸೂಜಿಗೆ ದಾರ ಪೋಣಿಸುತ್ತಾ.

ಎರಡು ವರ್ಷದ ಹಿಂದೆ ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟು, ಆಪಾಳ ಸೆಕೆಂಡ್ ಪಿಯುಸಿ ರಿಸಲ್ಟು ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಬಂದವು. ಅದೇ ಬೇಸಿಗೆಯಲ್ಲಿ ಅಬ್ಬಾನ ಗಾಡಿ ಮಗುಚಿ ಕಾಲು ಮುರಿದಿತ್ತು. ಎಂಟು ತಿಂಗಳು ಅವರು ಗಾಡಿ ಓಡಿಸಲಿಲ್ಲ. ನಾನು ಸೈನ್ಸ್ ತಗೊಂಡು ನೀಟ್ ಕೋಚಿಂಗ್ ಸೇರಬೇಕು, ಅವಳು ಬಿಕಾಂ ಸೇರಬೇಕು. ಯಾರೂ ಕೂತು ಮಾತಾಡಲಿಲ್ಲ, ಯಾರೂ ಯಾರಿಗೂ ಹೇಳಲಿಲ್ಲ. ಒಂದು ಸಂಜೆ ಅಮ್ಮಿ ರೊಟ್ಟಿ ಸುಡುತ್ತಿದ್ದಾಗ ಆಪಾ ಬಾಗಿಲಿಗೆ ಒರಗಿ, "ನನಗೆ ಓದು ಸಾಕಾಯ್ತು ಅಮ್ಮಿ. ಅಕೌಂಟೆನ್ಸಿ ತಲೆಗೆ ಹೋಗಲ್ಲ" ಅಂದಳು. ಅಕೌಂಟೆನ್ಸಿಯಲ್ಲಿ ಅವಳಿಗೆ 94 ಬಂದಿತ್ತು. ಆ ಮಾರ್ಕ್ಸ್ ನಮಗೆಲ್ಲರಿಗೂ ಗೊತ್ತಿತ್ತು. ನಾವೆಲ್ಲರೂ ಅವಳ ಮಾತನ್ನು ನಂಬಿದೆವು.

ಕಥೆಯಲ್ಲಿ ಪ್ರಿಮ್‌ಳ ಆ ಒಂದೇ ಚೀಟಿ ಎತ್ತಿದಾಗ ಕ್ಯಾಟ್ನಿಸ್ ಮುಂದೆ ನುಗ್ಗಿ ನಾನು ಹೋಗುತ್ತೇನೆ ಅನ್ನುತ್ತಾಳೆ. ನೆರೆದ ಜನ ಚಪ್ಪಾಳೆ ತಟ್ಟುವುದಿಲ್ಲ. ಎಡಗೈಯ ಮೂರು ಬೆರಳು ತುಟಿಗೆ ಮುಟ್ಟಿಸಿ ಅವಳತ್ತ ಎತ್ತುತ್ತಾರೆ. ಅದು ಅವರ ಕಡೆಯ ಹಳೆಯ ಪದ್ಧತಿ, ಪ್ರೀತಿಯವರಿಗೆ ಹೇಳುವ ಕೃತಜ್ಞತೆ ಮತ್ತು ವಿದಾಯ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಅಲ್ಲಿನ ಜನ ಇದೇ ಮೂರು ಬೆರಳು ಎತ್ತಿದರು, ಅದಕ್ಕಾಗಿ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದುಕೊಂಡೂ ಹೋದರು. ಮಕ್ಕಳ ಕಥೆ, ಟೈಂಪಾಸ್ ಅನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಆದರೆ ನಮ್ಮ ಅಡುಗೆಮನೆಯಲ್ಲಿ ಆ ಸಂಜೆ ಯಾರೂ ಬೆರಳು ಎತ್ತಲಿಲ್ಲ. ಅಮ್ಮಿ ರೊಟ್ಟಿ ತಿರುವಿ ಹಾಕಿದರು. ನಾನು ಕೋಚಿಂಗ್ ಸೆಂಟರಿನ ಪಾಂಪ್ಲೆಟ್ ತೆರೆದುಕೊಂಡು ಕೂತಿದ್ದೆ.

ಈ ಪುಸ್ತಕ ಓದಿದ ನಮ್ಮ ಕ್ಲಾಸಿನ ಎಲ್ಲ ಹುಡುಗಿಯರೂ ತಾವು ಕ್ಯಾಟ್ನಿಸ್ ಅಂದುಕೊಳ್ಳುತ್ತಾರೆ. ನಾನೂ ಓದಲು ಶುರುಮಾಡಿದಾಗ ಹಾಗೇ ಅಂದುಕೊಂಡಿದ್ದೆ, ಯೂನಿಫಾರ್ಮಿನ ದುಪಟ್ಟಾ ಒಳಗೆ ಜಡೆಯನ್ನೂ ಅವಳ ಹಾಗೆ ಹೆಣೆದುಕೊಂಡಿದ್ದೆ. ನಾನು ಪ್ರಿಮ್ ಅಂತ ಆವತ್ತು ರಾತ್ರಿ ಗೊತ್ತಾಯಿತು.

ಮರುದಿನ ಆಪಾ ಸ್ನಾನಕ್ಕೆ ಹೋದಾಗ ಅವಳ ಅಳತೆ ಪುಸ್ತಕ ತೆರೆದು ನೋಡಿದೆ. ಮುಂದಿನ ಪುಟಗಳಲ್ಲಿ ಎದೆ, ಸೊಂಟ, ತೋಳು. ಹಿಂದಿನ ಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ 'ಮೂರನೇ ಕಂತು 12,000'. ಪಕ್ಕದಲ್ಲಿ ಐದೈದರಂತೆ ಗೀಟುಗಳು. ಲೈನಿಂಗ್ ಬ್ಲೌಸಿಗೆ ಅವಳು ತಗೊಳ್ಳುವುದು 250. ಅಂದರೆ 48 ಬ್ಲೌಸು. ಲೈನಿಂಗ್ ಬಟ್ಟೆ, ನೂಲು, ಹುಕ್ಕಿನ ದುಡ್ಡು ಕಳೆದರೆ ಇನ್ನೂ ಜಾಸ್ತಿ. ಅದು ಒಂದು ಕಂತು ಮಾತ್ರ.

ಮೂರನೆಯ ಪುಸ್ತಕ 'ಮಾಕಿಂಗ್‌ಜೇ' ಇನ್ನೂ ಓದದವರು ಈ ಒಂದು ಪ್ಯಾರಾ ಬಿಟ್ಟು ಮುಂದೆ ಹೋಗಿ, ಆಮೇಲೆ ನನ್ನನ್ನು ಬೈಯಬೇಡಿ. ಅದರ ಕೊನೆಯಲ್ಲಿ ಪ್ರಿಮ್ ಸಾಯುತ್ತಾಳೆ. ಯಾರನ್ನು ಉಳಿಸಲು ಅಷ್ಟೆಲ್ಲ ಆಯಿತೋ ಅವಳೇ. ಅವಳು ಆಗಲೇ ವೈದ್ಯಕೀಯ ಕಲಿಯುತ್ತಿರುತ್ತಾಳೆ, ಬಾಂಬಿನಿಂದ ಗಾಯಗೊಂಡ ಮಕ್ಕಳನ್ನು ನೋಡಲು ಓಡುತ್ತಾಳೆ, ಇನ್ನೊಂದು ಬಾಂಬು ಸಿಡಿಯುತ್ತದೆ. ನನಗೆ ಲೇಖಕಿಯ ಮೇಲೆ ಎರಡು ದಿನ ಸಿಟ್ಟು ಇಳಿಯಲಿಲ್ಲ. "ಹಾಗಾದ್ರೆ ಅಕ್ಕ ಮಾಡಿದ್ದೆಲ್ಲ ದಂಡ ಆಯ್ತಲ್ಲ" ಅಂತ ಕೂಗಾಡಿದೆ. ಆಪಾ ಹಲ್ಲಿನಿಂದ ನೂಲು ಕಚ್ಚಿ ತುಂಡರಿಸಿ, "ಯಾಕೆ ದಂಡ? ಅವಳು ಹೋಗಿದ್ದು ಅವಳ ಕೆಲಸಕ್ಕೆ. ಅಕ್ಕ ಉಳಿಸಿದ ಜೀವ ಅಂತ ಸಂದೂಕಿನಲ್ಲಿ ಇಟ್ಟುಕೊಂಡು ಕೂರಬೇಕಿತ್ತಾ?" ಅಂದಳು. ಅವಳು ಪ್ರಿಮ್ ಬಗ್ಗೆಯೇ ಹೇಳಿದಳೋ, ನೀಟ್‌ನಲ್ಲಿ ನನಗೆ ಸೀಟು ಸಿಗದಿದ್ದರೂ ಪರವಾಗಿಲ್ಲ ಅಂದಳೋ, ನಾನು ಕೇಳಲಿಲ್ಲ.

ಕೇಳಲಿಲ್ಲ ಅನ್ನುವುದು ಆಮೇಲೆ ಕೊರೆಯತೊಡಗಿತು. ಒಂದು ವರ್ಷ ಆ ಕೋಣೆಯಲ್ಲಿ ಕೂತು ಟ್ರಿಸ್, ಬೆಲ್ಲಾ, ಜೋನಾಸ್, ಕ್ಯಾಟ್ನಿಸ್ ಎಲ್ಲರ ಮನಸ್ಸಿನಲ್ಲಿ ಏನಿದೆ ಅಂತ ಅವಳಿಗೆ ಹೇಳಿದ್ದೇನೆ. ಎಲ್ಲರೂ 'ನಾನು, ನಾನು' ಅಂತ ತಮ್ಮ ಕಥೆ ತಾವೇ ಹೇಳುವ ಪುಸ್ತಕಗಳು, ಜೋನಾಸ್‌ನದೊಂದು ಬಿಟ್ಟು. ಎದುರಿಗೆ ಕೂತವಳು ನಾನು ಅಂತ ಶುರುಮಾಡಿದ ಒಂದು ವಾಕ್ಯವೂ ನನಗೆ ನೆನಪಾಗಲಿಲ್ಲ, ಆ ಅಕೌಂಟೆನ್ಸಿಯ ಸುಳ್ಳೊಂದನ್ನು ಬಿಟ್ಟರೆ. ನಾನು ಬಾಯಿತುಂಬ ಬೈದ ಆ ನೂರು ವರ್ಷದ ವ್ಯಾಂಪೈರ್ ಕೂಡ ಈ ವಿಷಯದಲ್ಲಿ ನನಗಿಂತ ಮೇಲು.

ಹೋದ ಗುರುವಾರ ಮದುವೆ ಆರ್ಡರ್ ಇತ್ತು, ಹನ್ನೊಂದೂವರೆಯಾದರೂ ಆಪಾ ಹೊಲಿಯುತ್ತಿದ್ದಳು. ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿ ಮುಚ್ಚಿಟ್ಟೆ.

"ಆಪಾ, ಏನು ಯೋಚನೆ ಮಾಡ್ತಿದ್ದೀಯಾ?"

"ಈ ತೋಳು ಅರ್ಧ ಇಂಚು ಕಮ್ಮಿ ಬಂದಿದೆ ಅಂತ."

ನಾನು ಸುಮ್ಮನೆ ಕಾದೆ. ಅವಳು ತೋಳು ಬಿಚ್ಚಿದಳು, ಮತ್ತೆ ಪಿನ್ನು ಹಾಕಿದಳು. ಇನ್ನು ಮಾತಿಲ್ಲ ಅಂದುಕೊಂಡು ನಾನು ಪುಸ್ತಕಕ್ಕೆ ಕೈ ಹಾಕಿದಾಗ ಮಶೀನು ಕಡೆ ನೋಡುತ್ತಲೇ ಹೇಳಿದಳು.

"ನನ್ನ ಅಕೌಂಟೆನ್ಸಿ ಪುಸ್ತಕ ಇನ್ನೂ ಅಟ್ಟದ ಮೇಲೇ ಇದಾವಾ, ಇಲ್ಲ ಅಮ್ಮಿ ಗುಜರಿಗೆ ಹಾಕಿಬಿಟ್ರಾ ಅಂತ."

ಸ್ಟೂಲು ಎಳೆದುಕೊಂಡು ಹತ್ತಿದೆ. ಮೇಲೆ ಹಳೆ ಹಾಸಿಗೆ, ಅಬ್ಬಾನ ಊರುಗೋಲು, ಅದರ ಹಿಂದೆ ಕತ್ತಲು. ಮೂಲೆಯಿಂದ ನಾನಿ ಕಣ್ಣು ಮುಚ್ಚಿಕೊಂಡೇ, ಒಳಗೆ ಕೈ ಹಾಕುವ ಮುಂಚೆ ಬಿಸ್ಮಿಲ್ಲಾ ಹೇಳು ಅಂದರು.